‘ಆಫ್‌ಲೈನ್’ ಎಂಬ ಒಂದೇ ಮಾತು

ಊರಿನ ಮನೆಯ ಅಂಗಳವನ್ನು ಪುಣೆಯಲ್ಲಿ ಕುಳಿತು ನೋಡುವ ಸೌಕರ್ಯ ನಮಗೆ ಒದಗಿ ನಾಲ್ಕು ವರ್ಷಗಳಾದವು. ಶಿರಸಿಯಿಂದ ಒಳಕ್ಕೆ, ತೋಟದ ತಲೆಗಿರುವ ಆ ಮನೆಯಲ್ಲಿ ಈಗ ಉಳಿದಿರುವವರು ಆಯಿ ಒಬ್ಬರೇ. ಕೊಯ್ಲಿನ ದಿನಗಳಲ್ಲಿ ಅಟ್ಟದ ಮೇಲೆ ಒಣಗುವ ಅಡಿಕೆಯ ಮೇಲೆ ಒಂದು ಕಣ್ಣಿರಲಿ ಎಂಬುದು ಕ್ಯಾಮರಾ ಹಾಕಿಸಲು ನಾವು ಹೇಳಿದ ಕಾರಣ. ಆಯಿಯ ಮೇಲೂ ಒಂದು ಕಣ್ಣಿರಲಿ ಎಂಬುದು ಹೇಳದ ಕಾರಣ. ಆಯಿಗೆ ಎರಡೂ ಗೊತ್ತಿತ್ತು. ಅಡಿಕೆಯ ವಿಚಾರಕ್ಕೆ ಒಪ್ಪಿದರು, ಇನ್ನೊಂದನ್ನು ಕೇಳಿಸದವರಂತೆ ಇದ್ದುಬಿಟ್ಟರು.

ಕಳೆದ ವರ್ಷ ಶ್ರಾವಣದ ಒಂದು ಸಂಜೆ ಮೊಬೈಲಿನ ಪರದೆಯಲ್ಲಿ ಅಂಗಳವಿದ್ದ ಜಾಗದಲ್ಲಿ ಕಪ್ಪು ಚೌಕವೊಂದು ಮೂಡಿ, ಅದರ ನಡುವೆ ‘ಆಫ್‌ಲೈನ್’ ಎಂದಷ್ಟೇ ಬರೆದಿತ್ತು. ಆಯಿಗೆ ಫೋನು ಮಾಡಿದೆವು, ಹೋಗಲಿಲ್ಲ. ಮತ್ತೆ ಮಾಡಿದೆವು. ರಾತ್ರಿ ಒಂಬತ್ತರ ಹೊತ್ತಿಗೆ ನಮ್ಮ ಧೈರ್ಯ ಉಡುಗಿತು. ಅರ್ಧ ಮೈಲಿ ಆಚೆಗಿನ ಮನೆಯವರ ಹಳೆಯ ಸ್ಥಿರ ದೂರವಾಣಿ ಹೇಗೋ ಜೀವಂತವಿತ್ತು. ಆ ಮನೆಯ ಯಜಮಾನರು ಟಾರ್ಚು ಹಿಡಿದು, ಕಂಬಳಿಕೊಪ್ಪೆ ಹೊದ್ದು, ಉಂಬಳ ತುಂಬಿದ ದಾರಿಯಲ್ಲಿ ಸುರಿಯುವ ಮಳೆಯಲ್ಲಿ ನಡೆದುಹೋಗಿ ಬಾಗಿಲು ತಟ್ಟಿದರು. ಆಯಿ ಎಂಟಕ್ಕೇ ಉಂಡು ಮಲಗಿದ್ದರು. ಕರೆಂಟು ಹೋಗಿ ಮಧ್ಯಾಹ್ನವೇ ಆಗಿತ್ತು. ಗೋಪುರದ ಬ್ಯಾಟರಿಯೂ ಮುಗಿದು ಮೊಬೈಲು ಸತ್ತಿತ್ತು. ಮಳೆಗಾಲದಲ್ಲಿ ಅಲ್ಲಿ ಇದೊಂದು ಸುದ್ದಿಯೇ ಅಲ್ಲ. ಮರುದಿನ ಮಾತಿಗೆ ಸಿಕ್ಕ ಆಯಿ ನಮ್ಮನ್ನು ಚೆನ್ನಾಗಿ ಬೈದರು. ಎಪ್ಪತ್ತರ ಹತ್ತಿರದ ಮನುಷ್ಯನನ್ನು ಆ ಮಳೆಯಲ್ಲಿ ಹೊರಡಿಸಿದ್ದಕ್ಕೆ.

ಆ ಬೈಗುಳ ನ್ಯಾಯವಾದುದೇ ಆಗಿತ್ತು. ಕ್ಯಾಮರಾ ಬರುವುದಕ್ಕೆ ಮುಂಚೆ ಆಷಾಢ ಶ್ರಾವಣಗಳಲ್ಲಿ ಊರಿನ ಫೋನು ಎರಡು ದಿನ ಮೂರು ದಿನ ಮೌನವಾಗುತ್ತಿದ್ದುದು ನಮಗೆ ಹೊಸತಲ್ಲ. ಮಳೆ ಜೋರಿರಬೇಕು ಎಂದುಕೊಂಡು ಸುಮ್ಮನಿರುತ್ತಿದ್ದೆವು. ಅದೇ ಮೌನ ಈಗ ಅಪಾಯದ ಗಂಟೆಯಂತೆ ಕೇಳತೊಡಗಿದೆ. ನೋಡುವ ಸೌಕರ್ಯ ಬಂದಮೇಲೆ ಕಾಣದಿರುವುದೂ ಒಂದು ಸುದ್ದಿಯಾಯಿತು. ಆ ಸುದ್ದಿಯನ್ನು ಓದುವ ವಿದ್ಯೆ ಮಾತ್ರ ನಮ್ಮಲ್ಲಿರಲಿಲ್ಲ.

ಆ ವಿದ್ಯೆಯ ಬಗ್ಗೆಯೇ ನಾಲ್ಕು ಮಾತು ಬರೆಯಬೇಕೆನ್ನಿಸಿದೆ. ಹೊರನಾಡಿನಲ್ಲಿ ನೆಲೆಸಿರುವ ನಮ್ಮಂಥ ಎಷ್ಟೋ ಮನೆಗಳಲ್ಲಿ ಇದೇ ಕಥೆ ನಡೆಯುತ್ತಿದೆ. ಬಳಗದ ತಿಂಗಳ ಓದಿನ ಸಭೆಯಲ್ಲಿ ಕಾದಂಬರಿಯ ಚರ್ಚೆ ಮುಗಿದು ಚಹಾಕ್ಕೆ ಎದ್ದರೆ ಸಾಕು, ಮಾತು ಊರಿನ ಕ್ಯಾಮರಾದತ್ತ ಹೊರಳುತ್ತದೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಸಂಪರ್ಕ ಕಡಿದಾಗ ಎಲ್ಲಿ ಕಡಿಯಿತು ಎಂದು ಹುಡುಕಲು ಬಾರದವರು, ಹುಡುಕುವ ಬಗೆಯನ್ನು ಆ ಮನೆಯಲ್ಲಿರುವವರಿಗೆ ಅವರ ಭಾಷೆಯಲ್ಲಿ ತಿಳಿಸದವರು ದೂರದ ಮನೆಗೆ ಕ್ಯಾಮರಾ ಹಾಕಿಸಬಾರದು. ನಾವು ಹಾಕಿಸಿದ್ದು ಹಾಗೆಯೇ, ಬಾರದೆಯೇ, ತಿಳಿಸದೆಯೇ.

‘ಆಫ್‌ಲೈನ್’ ಎಂಬುದು ರೋಗದ ಹೆಸರಲ್ಲ, ‘ಮೈ ಸರಿಯಿಲ್ಲ’ ಎಂಬಂಥ ಮಾತು. ಕ್ಯಾಮರಾದ ಕಣ್ಣಿನಿಂದ ನಮ್ಮ ಅಂಗೈಯವರೆಗಿನ ದಾರಿಯಲ್ಲಿ ವಿದ್ಯುತ್ತು, ತಂತಿ ಅಥವಾ ವೈಫೈ, ಮನೆಯ ರೌಟರು, ಮನೆಗೆ ಬರುವ ಫೈಬರು, ಸೇವೆ ಒದಗಿಸುವ ಕಂಪನಿ, ಕ್ಯಾಮರಾ ತಯಾರಕರ ದೂರದ ಸರ್ವರು, ಕೊನೆಗೆ ನಮ್ಮ ಮೊಬೈಲಿನ ಆ್ಯಪು ಇಷ್ಟೆಲ್ಲ ಇವೆ. ಇವುಗಳಲ್ಲಿ ಯಾವುದು ಕೈಕೊಟ್ಟರೂ ಪರದೆ ತೋರಿಸುವುದು ಅದೊಂದೇ ಪದವನ್ನು. ಕೊನೆಯ ಬಾರಿ ಕ್ಯಾಮರಾ ಮಾತಾಡಿದ್ದು ಎಷ್ಟು ಗಂಟೆಗೆ, ಆಗ ಸಂಕೇತದ ಬಲ ಎಷ್ಟಿತ್ತು, ಮನೆಯ ಇತರ ಸಾಧನಗಳು ಜೀವಂತವಿವೆಯೇ ಎಂದು ಹೇಳುವುದು ತಯಾರಕರಿಗೆ ಕಷ್ಟವೇನಲ್ಲ. ಹೇಳಿದ್ದರೆ ಆ ರಾತ್ರಿ ನೆರೆಮನೆಯವರಿಗೆ ಉಂಬಳ ಕಚ್ಚುತ್ತಿರಲಿಲ್ಲ.

ಹುಡುಕಾಟವನ್ನು ಬುಡದಿಂದ ಮೊದಲಿಡಬೇಕು, ತುದಿಯಿಂದಲ್ಲ. ನಾವೆಲ್ಲ ತುದಿಯಿಂದಲೇ ಮೊದಲಿಡುತ್ತೇವೆ, ಏಕೆಂದರೆ ತುದಿ ನಮ್ಮ ಕೈಯಲ್ಲಿರುತ್ತದೆ. ಆ್ಯಪನ್ನು ಅಳಿಸಿ ಮತ್ತೆ ಹಾಕುತ್ತೇವೆ, ಗುಪ್ತಪದ ಬದಲಿಸುತ್ತೇವೆ. ಬುಡದಲ್ಲಿ ಪ್ಲಗ್ಗು ಸಡಿಲವಾಗಿರುತ್ತದೆ. ವಿಜಯಪುರದ ಕಡೆಯ ನಮ್ಮ ಮಿತ್ರರೊಬ್ಬರ ತಂದೆಯ ಮನೆಯಲ್ಲಿ ಕ್ಯಾಮರಾ ಹಗಲಿಡೀ ಚೆನ್ನಾಗಿದ್ದು ಕತ್ತಲಾದೊಡನೆ ಕಾಣೆಯಾಗುತ್ತಿತ್ತು. ಕಳ್ಳರ ಕೈವಾಡವೋ ಎಂದು ಮನೆಯವರು ಹೆದರಿದ್ದರು. ಕಾರಣ ಅತಿ ಸಾಮಾನ್ಯದ್ದು. ಕತ್ತಲಲ್ಲಿ ನೋಡಲು ಕ್ಯಾಮರಾ ತನ್ನ ಅವಕೆಂಪು ದೀಪಗಳನ್ನು ಹೊತ್ತಿಸಿಕೊಳ್ಳುತ್ತದೆ. ಆಗ ಅದಕ್ಕೆ ಹೆಚ್ಚು ವಿದ್ಯುತ್ತು ಬೇಕು. ಸವಕಲು ಅಡಾಪ್ಟರಾಗಲಿ, ಉದ್ದಕ್ಕೆ ಎಳೆದ ತೆಳು ತಂತಿಯಾಗಲಿ ಆ ಹೊರೆಯನ್ನು ಹೊರಲಾರದು. ವೋಲ್ಟೇಜು ಕುಸಿಯುತ್ತದೆ, ಕ್ಯಾಮರಾ ನಿಂತು ಮತ್ತೆ ಏಳುತ್ತದೆ, ದೀಪ ಹೊತ್ತಿಸುತ್ತದೆ, ಮತ್ತೆ ನಿಲ್ಲುತ್ತದೆ. ಹೊಸ ಅಡಾಪ್ಟರು ಹಾಕಿದ ರಾತ್ರಿಯೇ ಕಳ್ಳರ ಭಯ ಬಿಟ್ಟುಹೋಯಿತು.

ವೈಫೈಯ ಕಥೆಗಳು ಇದಕ್ಕಿಂತ ತಮಾಷೆಯವು. ಮನೆಬಳಕೆಯ ಅಗ್ಗದ ಕ್ಯಾಮರಾಗಳಲ್ಲಿ ಬಹುಪಾಲು 2.4 ಗಿಗಾಹರ್ಟ್ಸ್ ತರಂಗವನ್ನು ಮಾತ್ರ ಬಲ್ಲವು. ಇಂದಿನ ರೌಟರುಗಳು 5 ಗಿಗಾಹರ್ಟ್ಸನ್ನೂ ಅದೇ ಹೆಸರಿನಲ್ಲಿ ಬಿತ್ತರಿಸುತ್ತವೆ. ಕ್ಯಾಮರಾವನ್ನು ಮೊದಲ ಸಲ ಜೋಡಿಸುವಾಗ ಮೊಬೈಲು ಐದರಲ್ಲಿದ್ದು ಕ್ಯಾಮರಾ ಎರಡೂವರೆಯ ಹತ್ತಿರ ಹುಡುಕುತ್ತಿದ್ದರೆ ಕೆಲವೊಮ್ಮೆ ಇಬ್ಬರ ಭೇಟಿಯೇ ಆಗುವುದಿಲ್ಲ. ರೌಟರಿನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟರೆ ಈ ಪಾಡು ತಪ್ಪುತ್ತದೆ. ಚೆನ್ನೈಯ ಬಹುಮಹಡಿ ಕಟ್ಟಡದಲ್ಲಿರುವ ಗೆಳತಿಯ ತೊಂದರೆ ಬೇರೆ. ಅಲ್ಲಿ ನಲವತ್ತು ಮನೆಗಳ ರೌಟರುಗಳು ಒಂದೇ ಹೊತ್ತಿಗೆ ಮಾತಾಡುತ್ತವೆ. 2.4 ಗಿಗಾಹರ್ಟ್ಸಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು 1, 6, 11 ಎಂಬ ಮೂರೇ. ನಮ್ಮ ಊರಿನಲ್ಲಿ ಕೇಳಿಸಿಕೊಳ್ಳಲು ಇನ್ನೊಬ್ಬರ ರೌಟರೇ ಇಲ್ಲ, ಆದರೆ ಒಂದೂವರೆ ಅಡಿ ದಪ್ಪದ ಚಿರೆಕಲ್ಲಿನ ಗೋಡೆಯಿದೆ. ಒಣಗಿದ್ದಾಗಲೇ ಸಂಕೇತವನ್ನು ಅರೆವಾಸಿ ನುಂಗುವ ಗೋಡೆ ಅದು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನೀರು ಕುಡಿದು ನಿಂತಿರುತ್ತದೆ.

ಇನ್ನು ರಜೆಗೆ ಬಂದ ಮೊಮ್ಮಕ್ಕಳು ವೈಫೈ ಗುಪ್ತಪದವನ್ನು ಬದಲಿಸಿ ಹೋಗುವುದು. ಮೊಬೈಲುಗಳಿಗೆಲ್ಲ ಹೊಸ ಪದ ಹೇಳಿಕೊಡುತ್ತಾರೆ. ಜಗುಲಿಯ ತೊಲೆಯ ಮೇಲಿರುವ ಕ್ಯಾಮರಾಕ್ಕೆ ಯಾರೂ ಹೇಳುವುದಿಲ್ಲ. ಅದು ಹಳೆಯ ಪದವನ್ನೇ ಹಿಡಿದುಕೊಂಡು ಬಾಗಿಲು ತಟ್ಟುತ್ತಲೇ ಇರುತ್ತದೆ.

ನಮ್ಮ ಮನೆಯ ಪ್ರಕರಣಕ್ಕೆ ಮರಳುತ್ತೇವೆ. ಕರೆಂಟು ಬಂತು, ಮೊಬೈಲು ಬಂತು, ಕ್ಯಾಮರಾ ಬರಲಿಲ್ಲ. ಫೈಬರು ಬಂದು ಸೇರುವ ಪೆಟ್ಟಿಗೆಯ ದೀಪಗಳನ್ನು ಓದಿಹೇಳಲು ಆಯಿಯನ್ನು ಕೇಳಿಕೊಂಡೆವು. ಕನ್ನಡಕ ಹುಡುಕಿ ತಂದು ನೋಡಿ ಹೇಳಿದರು: “ಕೆಂಪು ಮಿಣುಕ್ತಾ ಇದ್ದು. ಹಸಿರು ಒಂದೇ ಹೊತ್ತಿದ್ದು.” ಆ ಕೆಂಪು ದೀಪದ ಬಳಿ ಎಲ್‌ಓಎಸ್ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿವೆ. ಬೆಳಕು ಬರುತ್ತಿಲ್ಲ ಎಂದು ಅದರ ಅರ್ಥ. ದಾರಿಯಲ್ಲೆಲ್ಲೋ ಫೈಬರು ತುಂಡಾಗಿದೆ. ಮನೆಯಲ್ಲಿ ಯಾರು ಏನು ಮಾಡಿದರೂ ಪ್ರಯೋಜನವಿಲ್ಲ. ಎರಡು ಕಿಲೋಮೀಟರ್ ಆಚೆ ಮತ್ತಿಮರದ ಕೊಂಬೆಯೊಂದು ಬಿದ್ದಿತ್ತು. ಇಷ್ಟನ್ನು ಮುಂಚೆಯೇ ಆಯಿಗೆ ಹೇಳಿಕೊಟ್ಟಿದ್ದರೆ ಅವರೇ ನಮಗೆ ಹೇಳುತ್ತಿದ್ದರು. ತೋಟದ ಕೊಳೆರೋಗವನ್ನು ಕಾಯಿಯ ಬಣ್ಣ ನೋಡಿ ಗುರುತಿಸಬಲ್ಲವರಿಗೆ ದೀಪದ ಬಣ್ಣ ದೊಡ್ಡ ವಿಷಯವೇ?

ಮೂರನೆಯ ದಿನ ಫೈಬರು ಕೂಡಿಸಿದರು. ಸಿಡಿಲಿಗೆ ಹಳೆಯ ಪೆಟ್ಟಿಗೆ ಸುಟ್ಟಿತ್ತೆಂದು ಹೊಸದನ್ನೂ ಇಟ್ಟುಹೋದರು. ಆಯಿಯ ಮೊಬೈಲಿನಲ್ಲಿ ಇಂಟರ್‌ನೆಟ್ಟು ಬಂತು. ರೆಕಾರ್ಡರಿಗೆ ಜೋಡಿಸಿದ ಟಿವಿಯಲ್ಲಿ ನಾಲ್ಕೂ ಚಿತ್ರಗಳು ಮೂಡಿದವು. ನಮ್ಮ ಪರದೆಯಲ್ಲಿ ಅದೇ ಕಪ್ಪು ಚೌಕ. “ಇಲ್ಲಿ ಚೊಲೋ ಕಾಣ್ತಾ ಇದ್ದಲಾ” ಎಂದರು ಆಯಿ. ಹಾಕಿಸಿದವನನ್ನು ಕೇಳೋಣವೆಂದರೆ ಆ ಪುಣ್ಯಾತ್ಮ ಕರೆ ಎತ್ತಲಿಲ್ಲ. ರೆಕಾರ್ಡರಿನ ಗುಪ್ತಪದ ಇದ್ದುದು ಅವನ ಬಳಿ ಮಾತ್ರ. ಹಣ ಕೊಟ್ಟು ಕೊಂಡ ನಮ್ಮ ಮನೆಯ ಯಂತ್ರಕ್ಕೆ ಅವನೇ ಯಜಮಾನ.

ಆಗ ನಾವು ಮಾಡಿದ ತಪ್ಪನ್ನು ಒಪ್ಪಿಕೊಳ್ಳಬೇಕು. ಪೆಟ್ಟಿಗೆಯ ಹಿಂದಿನ ಸಣ್ಣ ತೂತಿನಲ್ಲಿ ಸೂಜಿ ಹಾಕಿ ಹತ್ತು ಎಣಿಸುವವರೆಗೆ ಒತ್ತಿರಿ ಎಂದು ಆಯಿಗೆ ಹೇಳಿದೆವು. ಎಲ್ಲೋ ಓದಿದ್ದ ಸಲಹೆ. ಆಯಿ ಹೂ ಕಟ್ಟುವ ಸೂಜಿಯಿಂದ ಹೇಳಿದಂತೆಯೇ ಮಾಡಿದರು. ಆ ಒತ್ತುವಿಕೆಯೊಂದಿಗೆ ಸೇವಾದಾರರು ಅದರಲ್ಲಿ ತುಂಬಿದ್ದ ಬಳಕೆದಾರ ಹೆಸರು, ಗುಪ್ತಪದ ಎಲ್ಲವೂ ಅಳಿಸಿ, ಇದ್ದ ಇಂಟರ್‌ನೆಟ್ಟೂ ಹೋಯಿತು. ಸ್ವಿಚ್ಚು ಆರಿಸಿ ಅರ್ಧ ನಿಮಿಷ ಬಿಟ್ಟು ಹಾಕುವುದು ಒಂದು. ಸೂಜಿಯಿಂದ ಒತ್ತುವುದು ಮತ್ತೊಂದು. ಮೊದಲನೆಯದು ನಿದ್ದೆಯಿಂದ ಎಬ್ಬಿಸಿದಂತೆ. ಎರಡನೆಯದು ನೆನಪನ್ನೇ ತೊಳೆದಂತೆ. ಎರಡಕ್ಕೂ ‘ರೀಸೆಟ್’ ಎಂಬ ಒಂದೇ ಮಾತನ್ನು ಬಳಸುವ ನಮ್ಮ ರೂಢಿ ಅಂದು ಆಯಿಗೆ ಇನ್ನೆರಡು ದಿನದ ಕಾಯುವಿಕೆಯನ್ನು ತಂದಿತು. ಫೋನಿನಲ್ಲಿ ಅವರು ಕೇಳಿದ್ದು ಒಂದೇ: “ನಾನು ತಪ್ಪು ಒತ್ತಿದ್ನಾ?”

ನಿಜವಾದ ಕಾರಣ ಸಿಕ್ಕಿದ್ದು ಚೌತಿಗೆಂದು ಊರಿಗೆ ಬಂದ ನೆರೆಮನೆಯ ಕಾಲೇಜು ಹುಡುಗನಿಗೆ. ಅಷ್ಟರಲ್ಲಿ ಹತ್ತಾರು ಕರೆಗಳ ಬಳಿಕ ಗುಪ್ತಪದವೂ ದೊರಕಿತ್ತು. ಮನೆಯೊಳಗಿನ ಪ್ರತಿ ಸಾಧನಕ್ಕೂ ರೌಟರು ಒಂದು ವಿಳಾಸ ಕೊಡುತ್ತದೆ. ಹಳೆಯ ಪೆಟ್ಟಿಗೆ 192.168.1 ಎಂದು ಮೊದಲಾಗುವ ವಿಳಾಸಗಳನ್ನು ಹಂಚುತ್ತಿತ್ತು, ಹೊಸದು 192.168.0 ಎಂದು. ಮೊಬೈಲುಗಳು ಕೇಳಿ ಪಡೆಯುವ ಜಾತಿಯವು, ಹಾಗಾಗಿ ಹೊಸ ವಿಳಾಸ ಪಡೆದು ಸುಖವಾಗಿದ್ದವು. ರೆಕಾರ್ಡರಿಗೆ ಮಾತ್ರ ಹಾಕಿಸಿದವನು ಹಳೆಯ ವಿಳಾಸವನ್ನು ಕೈಯಾರೆ ಕೆತ್ತಿಟ್ಟಿದ್ದ. ಊರಿನ ಪಿನ್‌ಕೋಡೇ ಬದಲಾಗಿದ್ದರೂ ಅದು ಹಳೆಯ ಅಂಚೆಕಚೇರಿಗೇ ಕಾಗದ ಹಾಕುತ್ತ ಕುಳಿತಿತ್ತು. ತನ್ನ ಕ್ಯಾಮರಾಗಳೊಡನೆ ಅದರ ಮಾತುಕತೆ ಸರಾಗವಾಗಿಯೇ ಇತ್ತು, ಅದಕ್ಕೇ ಟಿವಿಯಲ್ಲಿ ಚಿತ್ರ ಕಾಣುತ್ತಿದ್ದುದು. ಹುಡುಗ ರೆಕಾರ್ಡರನ್ನು ವಿಳಾಸ ಕೇಳಿ ಪಡೆಯುವಂತೆ ಬದಲಿಸಿ, ಪ್ರತಿ ಸಲವೂ ಅದಕ್ಕೆ ಅದೇ ವಿಳಾಸ ಸಿಗುವಂತೆ ರೌಟರಿನಲ್ಲಿ ಕಾದಿರಿಸಿದ. ಐದು ನಿಮಿಷದ ಕೆಲಸ. ಹನ್ನೊಂದು ದಿನಗಳಾಗಿದ್ದವು.

ಆ ಹನ್ನೊಂದು ದಿನಗಳಲ್ಲಿ ನಮಗೆ ಎಲ್ಲ ಕಡೆಯಿಂದ ಬಂದ ಉಚಿತ ಸಲಹೆಯೊಂದರ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು: “ರೌಟರಿನಲ್ಲಿ ಪೋರ್ಟು ತೆರೆದುಬಿಡಿ, ನೇರ ಕಾಣುತ್ತದೆ.” ಮೊದಲನೆಯದಾಗಿ, ಈಗಿನ ಅನೇಕ ಸಂಪರ್ಕಗಳಲ್ಲಿ ಇದು ಸಾಧ್ಯವೇ ಇಲ್ಲ. ಐಪಿವಿ4 ಪದ್ಧತಿಯಲ್ಲಿ ಇರುವ ವಿಳಾಸಗಳೇ ಒಟ್ಟು ಸುಮಾರು 429 ಕೋಟಿ. ಅವು ಸಾಲದೆ, ಸೇವಾದಾರರು ನೂರಾರು ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತಾರೆ. ರೌಟರಿನ ಪುಟದಲ್ಲಿ ಹೊರಗಿನ ವಿಳಾಸ 100.64ರಿಂದ 100.127ರೊಳಗೆ ಮೊದಲಾಗಿದ್ದರೆ ನಾವೂ ಆ ಸಾಲಿನಲ್ಲಿದ್ದೇವೆ ಎಂದು ತಿಳಿಯಬಹುದು; ಈ ಹಂಚಿಕೆಗೆಂದೇ ಆ ಶ್ರೇಣಿಯನ್ನು 2012ರಲ್ಲಿ ಕಾದಿರಿಸಿದರು. ಅಂಥಲ್ಲಿ ನಮ್ಮ ಮನೆಯ ಬಾಗಿಲು ತೆರೆದರೇನು, ಬೀದಿಯ ಗೇಟು ಬೇರೆಯವರ ಕೈಯಲ್ಲಿದೆ. ಕ್ಯಾಮರಾವೇ ಒಳಗಿನಿಂದ ತಯಾರಕರ ಸರ್ವರಿಗೆ ಕರೆಮಾಡಿ, ಅದರ ಮೂಲಕ ನಮ್ಮನ್ನು ತಲಪುವುದು ಈ ಕಾರಣಕ್ಕೆ.

ಎರಡನೆಯದು ಹೆಚ್ಚು ಗಂಭೀರವಾದದ್ದು. ಬಾಗಿಲು ತೆರೆಯಲು ಸಾಧ್ಯವಿದ್ದರೂ ತೆರೆಯಬಾರದು. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಲೋಕದ ಕ್ಯಾಮರಾಗಳನ್ನೂ ರೆಕಾರ್ಡರುಗಳನ್ನೂ ರೌಟರುಗಳನ್ನೂ ಹುಡುಕಿ ಹುಡುಕಿ ವಶಪಡಿಸಿಕೊಂಡಿತು. ಅದಕ್ಕೆ ಬೇಕಾದದ್ದು ಕಾರ್ಖಾನೆಯಲ್ಲಿಟ್ಟ ಗುಪ್ತಪದಗಳ ಒಂದು ಸಣ್ಣ ಪಟ್ಟಿ ಅಷ್ಟೇ, ಅರವತ್ತು ಚಿಲ್ಲರೆ ಜೋಡಿಗಳು. ಯಾರೂ ಬದಲಿಸದೆ ಬಿಟ್ಟಿದ್ದ ಪದಗಳು. ಆ ವರ್ಷ ಅಕ್ಟೋಬರ್ 21ರಂದು ಆ ಸೇನೆ ಅಮೆರಿಕದ ಡೈನ್ ಎಂಬ ಸಂಸ್ಥೆಯ ಮೇಲೆರಗಿದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಎಷ್ಟೋ ಜನರಿಗೆ ಸಿಗದಾದವು. ಮನೆ ಕಾಯಲೆಂದು ತೂಗುಹಾಕಿದ ಕಣ್ಣುಗಳು ಯಾರದೋ ಕೈಯ ಕಲ್ಲುಗಳಾದವು, ಮನೆಯವರಿಗೆ ಅರಿವಿಲ್ಲದೆ. ಸಂಪರ್ಕ ತಪ್ಪಿದಾಗಿನ ಆತುರದಲ್ಲಿ ಮಾಡುವ ಇಂಥ ‘ಪರಿಹಾರ’ ಕ್ಯಾಮರಾ ಸರಿಹೋದ ಮೇಲೂ ಹಾಗೆಯೇ ಉಳಿದುಬಿಡುತ್ತದೆ. ತೆರೆದ ಬಾಗಿಲನ್ನು ಮುಚ್ಚಲು ಮತ್ತೆ ಯಾರು ಹೋಗುತ್ತಾರೆ?

ನಮ್ಮ ಸರ್ಕಾರ ಈ ವಿಷಯದಲ್ಲಿ ಎಚ್ಚೆತ್ತಿರುವುದು ಸಂತೋಷದ ಸಂಗತಿ. ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಸಿಸಿಟಿವಿ ಕ್ಯಾಮರಾಗಳಿಗೆ ಭದ್ರತಾ ಪರೀಕ್ಷೆಯನ್ನು ಕಡ್ಡಾಯಗೊಳಿಸುವ ಅಧಿಸೂಚನೆ ಹೊರಡಿಸಿ, 2025ರ ಏಪ್ರಿಲ್‌ನಿಂದ ಜಾರಿಗೊಳಿಸಿತು. ಬೀಗ ಗಟ್ಟಿಯಾಗಿರಬೇಕೆಂದು ಕಾನೂನು ಕೇಳಿತು. ಕೀಲಿ ಹಾಕುವ ಬಗೆಯನ್ನು ಮನೆಯವರ ಭಾಷೆಯಲ್ಲಿ ಬರೆಯಿರಿ ಎಂದು ಕೇಳಿದ್ದರೆ ಇನ್ನೂ ಚೆನ್ನಾಗಿತ್ತು. ನಮ್ಮ ರೆಕಾರ್ಡರಿನ ಪೆಟ್ಟಿಗೆಯೊಳಗಿದ್ದ ಕೈಪಿಡಿಯಲ್ಲಿ ಇಂಗ್ಲಿಷ್ ಇತ್ತು, ಚೀನೀ ಇತ್ತು. ಕನ್ನಡ ಹಾಗಿರಲಿ, ಈ ದೇಶದ ಒಂದು ಭಾಷೆಯೂ ಇರಲಿಲ್ಲ. ಮಾರುವುದು ಶಿರಸಿಯ ಪೇಟೆಯಲ್ಲಿ.

ತಂತಿಯ ಪರವಾಗಿಯೂ ಒಂದು ಮಾತು. ಗೋಡೆ ಕೊರೆಯುವುದು ಬೇಡವೆಂದು ಎಲ್ಲರೂ ವೈಫೈ ಬಯಸುತ್ತಾರೆ. ನಮ್ಮ ಅನುಭವದಲ್ಲಿ ಸ್ಥಿರವಾಗಿ ನಿಲ್ಲುವ ಕ್ಯಾಮರಾಕ್ಕೆ ತಂತಿಯೇ ಲೇಸು. ನೂರು ಮೀಟರಿನವರೆಗೆ ಒಂದೇ ಎದರ್‌ನೆಟ್ ತಂತಿಯಲ್ಲಿ ಚಿತ್ರವೂ ವಿದ್ಯುತ್ತೂ ಜೊತೆಗೆ ಹೋಗುತ್ತವೆ. ಅಡಾಪ್ಟರಿನ ರಗಳೆಯಿಲ್ಲ, ಗುಪ್ತಪದ ಬದಲಾದರೆ ಚಿಂತೆಯಿಲ್ಲ. ಮಲೆನಾಡಿನಲ್ಲಿ ಅದಕ್ಕೊಂದು ಶತ್ರು ಉಂಟು, ಸಿಡಿಲು. ಹೊರಗೆ ಎಳೆದ ತಾಮ್ರದ ತಂತಿ ಮಿಂಚಿನ ಹೊಡೆತವನ್ನು ನೇರ ರೆಕಾರ್ಡರಿಗೆ ತಂದುಹಾಕಬಲ್ಲದು. ಆದ್ದರಿಂದ ಸಿಡಿಲುರಕ್ಷಕವೂ ಒಳ್ಳೆಯ ಭೂಸಂಪರ್ಕವೂ ಬೇಕು. ಮನೆಯ ಇನ್ವರ್ಟರಿಗೆ ದೀಪ ಫ್ಯಾನುಗಳ ಜೊತೆ ಫೈಬರಿನ ಪೆಟ್ಟಿಗೆಯನ್ನೂ ಸೇರಿಸಬೇಕು. ಕರೆಂಟು ಹೋದಾಗಲೆಲ್ಲ ಕಾಣುವ ‘ಆಫ್‌ಲೈನ್’ಗಳಲ್ಲಿ ಅರ್ಧ ಇದೊಂದರಿಂದಲೇ ನಮ್ಮಲ್ಲಿ ಹೋದವು.

ಲೋಕದ ಮೊದಲ ಜಾಲ ಕ್ಯಾಮರಾಗಳಲ್ಲಿ ಒಂದು ನೋಡುತ್ತಿದ್ದುದು ಕಾಫಿಯ ಪಾತ್ರೆಯನ್ನು. 1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಕವಿಭಾಗದವರು, ಕಾಫಿ ಮುಗಿದಿದೆಯೋ ಉಳಿದಿದೆಯೋ ಎಂದು ಎದ್ದುಹೋಗಿ ನೋಡುವ ಶ್ರಮ ತಪ್ಪಲೆಂದು ಅದನ್ನು ಹಾಕಿಕೊಂಡಿದ್ದರು. ಅದರ ಚಿತ್ರ ನಿಂತರೆ ಯಾರಾದರೂ ಎದ್ದು ನಾಲ್ಕು ಹೆಜ್ಜೆ ಹೋಗಿ ನೋಡಬಹುದಿತ್ತು. ನಾವು ನೋಡುತ್ತಿರುವುದು ಐನೂರು ಕಿಲೋಮೀಟರಿಗೂ ಆಚೆಗಿನ ಅಂಗಳವನ್ನು. ನಮ್ಮ ಪರವಾಗಿ ಎದ್ದು ಹೋಗಬೇಕಾದವರು ನಾವು ಯಾರನ್ನು ನೋಡುತ್ತಿದ್ದೇವೋ ಅವರೇ.

ಆದ್ದರಿಂದ ಕಳೆದ ದೀಪಾವಳಿಗೆ ಊರಿಗೆ ಹೋದಾಗ ಎರಡು ಕೆಲಸ ಮಾಡಿದೆವು. ನಡುಮನೆಯಲ್ಲಿದ್ದ ಕ್ಯಾಮರಾವನ್ನು ಕಳಚಿದೆವು. ಅದನ್ನು ಹಾಕಿಸಿದ್ದು ಆಯಿ ಜಾರಿಬಿದ್ದರೆ ತಿಳಿಯಲೆಂದು. ನಾಲ್ಕು ವರ್ಷಗಳಲ್ಲಿ ಅದು ನಮಗೆ ತಿಳಿಸಿದ್ದು ಆಯಿ ಅದರತ್ತ ಬೆನ್ನುಮಾಡಿಯೇ ಕೂರುತ್ತಾರೆ ಎಂಬುದನ್ನು ಮಾತ್ರ. ಅಂಗಳದ ಮೂರು ಉಳಿದವು. ಇದಕ್ಕೆ ಬಳಗದಲ್ಲಿ ವಿರೋಧವೂ ಬಂತು, ಬೀಳುವುದು ಒಳಗೇ ಅಲ್ಲವೇ ಎಂದು. ಅಲ್ಲವೆನ್ನಲಾರೆವು. ಆದರೂ ಒಳಗಿನದು ಅವರು ಬೇಕೆಂದರೆ ಮಾತ್ರ ಎಂಬಲ್ಲಿಗೆ ನಾವು ಬಂದು ನಿಂತಿದ್ದೇವೆ.

ಎರಡನೆಯದು, ದಪ್ಪ ಕಾಗದದ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದು ಪೆಟ್ಟಿಗೆಯ ಪಕ್ಕ ಅಂಟಿಸಿದ ಒಂದು ಹಾಳೆ. ಯಾವ ದೀಪ ಯಾವ ಬಣ್ಣವಿದ್ದರೆ ಏನು, ಯಾವ ಸ್ವಿಚ್ಚು ಆರಿಸಿ ಎಷ್ಟು ಹೊತ್ತು ಕಾಯಬೇಕು, ಯಾರಿಗೆ ಫೋನು ಮಾಡಬೇಕು. ‘ಫೈಬರು ಬಂದು ಸೇರುವ ಸಾಧನ’ ಎಂದು ನಾವು ಬರೆದದ್ದನ್ನು ಆಯಿ ಹೊಡೆದುಹಾಕಿಸಿ ‘ಬೆಳಕಿನ ಡಬ್ಬಿ’ ಎಂದು ಬರೆಸಿದರು. ರೆಕಾರ್ಡರು ‘ಕರಿ ಪೆಟ್ಟಿಗೆ’ಯಾಯಿತು. ಸೂಜಿ ಹಾಕುವ ತೂತಿನ ಮೇಲೆ ಅವರೇ ಅರಿಶಿನ ಬಣ್ಣದ ಟೇಪು ಅಂಟಿಸಿದರು. ಗುಪ್ತಪದಗಳು ಹಾಳೆಯ ಮೇಲಿಲ್ಲ, ದೇವರ ಗೂಡಿನ ಹಿಂದಿನ ಪಂಚಾಂಗದೊಳಗಿವೆ.

ಈ ಜೂನ್‌ನಲ್ಲಿ ಮೊದಲ ಗುಡುಗುಮಳೆ ಬಂದ ಸಂಜೆ ನಾವು ಪರದೆಯನ್ನು ನೋಡುವ ಮೊದಲೇ ಫೋನು ಬಂತು. ಬೆಳಕಿನ ಡಬ್ಬಿಯಲ್ಲಿ ಕೆಂಪು ಮಿಣುಕುತ್ತಿದೆ, ಹುಡುಗನಿಗೆ ಹೇಳಿಯಾಗಿದೆ, ನಾಳೆ ಬರುತ್ತಾನಂತೆ, ಅಲ್ಲಿಯವರೆಗೆ ನಿಮಗೆ ಅಂಗಳ ಕಾಣುವುದಿಲ್ಲ ಎಂದರು ಆಯಿ. ಆಮೇಲೆ ಅಂಗಳದಲ್ಲಿ ಏನೇನಿದೆ ಎಂದು ಹೇಳತೊಡಗಿದರು: ನೀರು ತುಳಸಿಕಟ್ಟೆಯ ಬುಡದವರೆಗೆ ಬಂದಿದೆ, ಹಲಸಿನ ಹಣ್ಣೊಂದು ಬಿದ್ದು ಒಡೆದಿದೆ, ಬೆಕ್ಕು ಮರಿಗಳನ್ನು ಕಟ್ಟಿಗೆಮನೆಗೆ ಸಾಗಿಸಿದೆ.